ರಾಯರ ಕಂಪ್ಯೂಟರು ಬಾಯಿ ಮುಚ್ಚಿದ ದಿನ

ರೇಡಿಯೋರಾಯರು ಬೆಳಿಗ್ಗೆ ಕಳಿಸಿದ ಧ್ವನಿಮುದ್ರಣ ಹೋದಷ್ಟೇ ವೇಗವಾಗಿ ವಾಪಸು ಬಂತು. ಹಿಂದೆಯೇ ಕಂಪನಿಯ ಮೇಡಂ ಫೋನು.

"ಸಾರ್, ನೀವು ಓದೋವಾಗ ಹಿಂದೆ ಯಾರಾದ್ರೂ ಹಿಟ್ಟಿನ ಗಿರಣಿ ಓಡಿಸ್ತಿದ್ರಾ?"

"ಇಲ್ವಲ್ಲ ಮೇಡಂ. ಬಾಗಿಲು, ಕಿಟಕಿ ಎಲ್ಲಾ ಹಾಕ್ಕೊಂಡೇ ಓದಿದೀನಿ."

"ಹಾಗಾದ್ರೆ ಗಿರಣಿ ನಿಮ್ಮ ಜೊತೆ ಒಳಗೇ ಇದೆ. ಸಂಜೆಯೊಳಗೆ ಸ್ವಚ್ಛವಾಗಿ ಓದಿ ಕಳಿಸಿ ಸಾರ್. ಇಲ್ದಿದ್ರೆ ಈ ಪುಸ್ತಕ ಬೇರೆಯವರಿಗೆ ಕೊಡಬೇಕಾಗತ್ತೆ."

ಪುಸ್ತಕಗಳನ್ನು ಜೋರಾಗಿ ಓದಿ, ಕೇಳುವ ಪುಸ್ತಕಗಳನ್ನಾಗಿ ಮಾಡಿಕೊಡುವುದು ರಾಯರ ಕಸುಬು. ಗಂಟೆ ಹೊಡೆದಂಥ ಕಂಠ. ಅದಕ್ಕೇ ಕಟ್ಟಡದವರೆಲ್ಲ ಸೇರಿ ಆ ಅಡ್ಡಹೆಸರಿಟ್ಟಿದ್ದರು. ಮನೆಯ ಸಣ್ಣ ಕೋಣೆಯಲ್ಲಿ ಒಂದು ಮೈಕು, ಒಂದು ಹಳೆಯ ಕಂಪ್ಯೂಟರು. ದಿನವೂ ಅದರ ಪಕ್ಕದಲ್ಲೇ ಕೂತೂ ಕೂತೂ ಅದರ ಸದ್ದು ಅವರ ಕಿವಿಗೆ ಬೀಳುವುದೇ ನಿಂತಿತ್ತು. ಈಗ ಗಮನವಿಟ್ಟು ಕೇಳಿದರೆ, ಮೇಜಿನ ಕೆಳಗೆ ಯಾರೋ ಊಟ ಮುಗಿಸಿ ಗೊರಕೆ ಹೊಡೆಯುತ್ತಿರುವ ಹಾಗಿತ್ತು.

"ನಾನು ವರ್ಷದಿಂದ ಬಡ್ಕೋತಿದೀನಿ, ಧೂಳು ತೆಗೀರಿ ಅಂತ," ಎಂದಳು ಹೆಂಡತಿ. ಶಾಲೆಯಲ್ಲಿ ಗಣಿತ ಹೇಳಿಕೊಡುವವಳು, ಅವತ್ತು ರಜೆ.

ರಾಯರು ವೈರುಗಳನ್ನೆಲ್ಲ ಕಿತ್ತು, ಕಂಪ್ಯೂಟರಿನ ಡಬ್ಬಿಯನ್ನು ಊಟದ ಮೇಜಿನ ಮೇಲಿಟ್ಟು, ಪಕ್ಕದ ತಗಡು ಬಿಚ್ಚಿದರು. ಒಳಗಿನ ಫ್ಯಾನಿನ ಸುತ್ತ ಧೂಳು ಕಂಬಳಿಯ ಹಾಗೆ ಹೆಣೆದುಕೊಂಡಿತ್ತು. ರಾಯರು ಬಗ್ಗಿ ಉಫ್ ಎಂದು ಊದಿದರು. ಅರ್ಧ ಧೂಳು ಅವರ ಮೂಗಿಗೆ ಹೋಯಿತು. ಇನ್ನರ್ಧ ಸೀನಿದ ರಭಸಕ್ಕೆ ಯಂತ್ರದೊಳಕ್ಕೇ ವಾಪಸಾಯಿತು.

ಸೀನಿನ ಸದ್ದಿಗೆ ಎದುರುಮನೆಯ ಬಾಗಿಲು ತೆರೆಯಿತು. ಅಲ್ಲಿದ್ದವರು ನಿವೃತ್ತ ಇಂಜಿನಿಯರು. ಕೆಲಸದಲ್ಲಿದ್ದಾಗ ಕಟ್ಟಿಸಿದ್ದು ಬರೀ ಸೇತುವೆಗಳನ್ನು. ಆದರೆ ಸ್ಕ್ರೂ ಇರುವ ವಸ್ತುವೆಲ್ಲ ತಮ್ಮ ಇಲಾಖೆಗೆ ಸೇರಿದ್ದು ಎಂದು ಅವರ ನಂಬಿಕೆ.

"ಬಾಯಿಂದ ಊದೋದಾ? ಎಂಜಲು ಹಾರತ್ತೆ ರೀ!" ಎನ್ನುತ್ತ ಒಳಗೇ ಬಂದುಬಿಟ್ಟರು. ಮನೆಗೆ ಹೋಗಿ ಗಡ್ಡ ಹೆರೆಯುವ ಬ್ರಷ್ಷು ತಂದು ಉಜ್ಜಿದರು. ಧೂಳು ಇನ್ನಷ್ಟು ಆಳಕ್ಕಿಳಿಯಿತು. ಬ್ರಷ್ಷಿನ ಕೂದಲೂ ಒಂದಿಷ್ಟು ಅದರ ಜೊತೆ ಹೋಯಿತು.

"ಇದಕ್ಕೆ ಒತ್ತಡದ ಗಾಳಿ ಬೇಕು," ಎಂದು ತೀರ್ಪು ಕೊಟ್ಟರು ಇಂಜಿನಿಯರು. "ಕೆಳಗಡೆ ಹಲ್ಲಿನ ಡಾಕ್ಟ್ರ ಹತ್ರ ಇದೆಯಲ್ಲ! ಸಣ್ಣ ಕೊಳವೆ, ಒಳ್ಳೇ ಜೋರು. ನಡೀರಿ."

"ಛೇ, ಡಾಕ್ಟ್ರಿಗೆ ಏನಂತ ಹೇಳೋದು?"

"ನಾನು ಹೇಳ್ತೀನಿ, ನೀವು ಹೊತ್ಕೊಂಡು ಬನ್ನಿ."

ನಿದ್ದೆ ಹೋದ ಮಗುವನ್ನು ಅಪ್ಪಿದ ಹಾಗೆ ಡಬ್ಬಿಯನ್ನು ಅಪ್ಪಿಕೊಂಡು ರಾಯರು ಮೆಟ್ಟಿಲಿಳಿದರು. ಚಿಕಿತ್ಸಾಲಯದ ಬೆಂಚಿನ ಮೇಲೆ ಕೆನ್ನೆ ಊದಿದ ಹೆಂಗಸೊಬ್ಬಳು ಕೂತಿದ್ದಳು. ರಾಯರನ್ನು ನೋಡಿದಳು, ಅವರ ತೋಳಿನಲ್ಲಿದ್ದುದನ್ನು ನೋಡಿದಳು.

"ನನ್ನ ಸರದಿ ಮೊದಲು," ಎಂದಳು. "ಅದಕ್ಕೆಷ್ಟೇ ನೋವಿದ್ರೂ."

ಅವಳು ಒಳಗೆ ಹೋಗಿ, ಕೆನ್ನೆ ಹಿಡಿದುಕೊಂಡು ಹೊರಗೆ ಬರುವವರೆಗೆ ರಾಯರು ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು ಕಾದರು.

ಡಾಕ್ಟರಿಗೆ ಇವರನ್ನು ನೋಡಿ ಬೇಸರವಾಗುವ ಬದಲು ಖುಷಿಯೇ ಆಯಿತು. ಅತ್ತು ಕರೆಯದ, ಕೈ ಕಚ್ಚದ ರೋಗಿ ಅವರಿಗೆ ಸಿಕ್ಕಿದ್ದು ಅದೇ ಮೊದಲು. ಡಬ್ಬಿಯನ್ನು ಕುರ್ಚಿಯ ಮೇಲೆ ಮಲಗಿಸಿ, ದೀಪ ಎಳೆದು, ತಮ್ಮ ಮುಖಕ್ಕೆ ಮುಸುಕು ಕಟ್ಟಿ, ಫ್ಯಾನು ತಿರುಗದ ಹಾಗೆ ಬೆರಳಿನಿಂದ ಒತ್ತಿಹಿಡಿದು ಗಾಳಿ ಬಿಟ್ಟರು. ಬೂದು ಮೋಡವೊಂದು ಎದ್ದು ನಿವೃತ್ತ ಇಂಜಿನಿಯರ ತಲೆಯ ಮೇಲೆ ನಿಧಾನವಾಗಿ ಇಳಿಯಿತು. ಅವರು ಹುಬ್ಬು ಸಮೇತ ಬೆಳ್ಳಗಾದದ್ದನ್ನು ಕಂಡು ರಾಯರು ಬಾಯಿ ತುಂಬ ನಕ್ಕರು.

ನಕ್ಕಿದ್ದೇ ತಪ್ಪಾಯಿತು. ದೀಪ ಇನ್ನೂ ಉರಿಯುತ್ತಿತ್ತು.

"ಒಂದ್ನಿಮಿಷ," ಎಂದರು ಡಾಕ್ಟರು. "ಹಾಗೇ ಇರಿ. ಎಡಗಡೆ ಕೆಳಗೆ, ಕೊನೇದು. ಎಷ್ಟು ದಿನದಿಂದ ನೋವಿದೆ?"

"ನೋವಾ? ಏನೂ ಇಲ್ವಲ್ಲ."

ಡಾಕ್ಟರು ಸಣ್ಣ ಕಡ್ಡಿಯಿಂದ ಮುಟ್ಟಿದರು. ರಾಯರ ಗಂಟೆಯ ಕಂಠ ಬೀದಿಯ ತನಕ ಕೇಳಿಸಿತು.

"ಇವತ್ತೇ ತೆಗೀಬೇಕು. ಬಿಟ್ರೆ ಪಕ್ಕದ್ದೂ ಹೋಗತ್ತೆ."

"ಇವತ್ತು ಆಗಲ್ಲ ಡಾಕ್ಟ್ರೇ! ಸಂಜೆಯೊಳಗೆ ನಾನು ಓದಬೇಕು."

"ಓದಿ, ಯಾರು ಬೇಡ ಅಂದ್ರು? ಹಲ್ಲಿಗೂ ಕಣ್ಣಿಗೂ ಏನು ಸಂಬಂಧ?" ಎಂದರು ಡಾಕ್ಟರು.

ಜೋರಾಗಿ ಓದಬೇಕು ಎಂದು ರಾಯರು ಬಿಡಿಸಿ ಹೇಳುವಷ್ಟರಲ್ಲಿ ಇಂಜಿನಿಯರು ಕಂಪ್ಯೂಟರನ್ನು ಕುರ್ಚಿಯಿಂದ ಇಳಿಸಿ ರಾಯರನ್ನು ಅಲ್ಲಿ ಕೂರಿಸಿ ಭುಜ ಒತ್ತಿ ಹಿಡಿದಿದ್ದರು. ಪುಕ್ಕಟೆಯಾಗಿ ಅಷ್ಟು ಧೂಳು ತೆಗೆದುಕೊಟ್ಟ ಡಾಕ್ಟರಿಗೆ ಇಲ್ಲ ಎನ್ನಲು ರಾಯರ ನಾಲಿಗೆಯೂ ಏಳಲಿಲ್ಲ. ಸೂಜಿ ಚುಚ್ಚಿದ ಮೇಲಂತೂ ನಿಜವಾಗಿಯೇ ಏಳಲಿಲ್ಲ.

ಹಲ್ಲು ಕೀಳಿಸಿಕೊಂಡು ಮನೆಗೆ ಬಂದು, ವೈರುಗಳನ್ನೆಲ್ಲ ಸಿಕ್ಕಿಸಿ, ಗುಂಡಿ ಒತ್ತಿದರು. ಸದ್ದೇ ಇಲ್ಲ. ಹೆಂಡತಿ ಬಗ್ಗಿ ಕಿವಿಯಿಟ್ಟು ಕೇಳಿದಳು. ಪರದೆಯ ಮೇಲೆ ಬೆಳಕು ಮೂಡಿದ ಮೇಲಷ್ಟೇ ಯಂತ್ರಕ್ಕೆ ಜೀವ ಇದೆಯೆಂದು ಇಬ್ಬರಿಗೂ ಖಾತ್ರಿಯಾಯಿತು.

"ಅಂತೂ ಗೊರಕೆ ನಿಂತಿತು ನೋಡಿ!" ಎಂದಳು.

"ಹೂಂ, ಹರವಾಗಿಲ್ಲ," ಎಂದರು ರಾಯರು.

ಹೆಂಡತಿ ತಿರುಗಿ ನೋಡಿದಳು. "ಏನಂದ್ರಿ?"

"ಹರವಾಗಿಲ್ಲ ಅಂಗೆ!"

ರಾಯರು ಕನ್ನಡಿಯ ಮುಂದೆ ನಿಂತರು. ಎಡಗಡೆಯ ತುಟಿ ಬೇರೆ ಯಾರದೋ ತುಟಿಯ ಹಾಗೆ ತನ್ನಷ್ಟಕ್ಕೆ ಜೋತುಬಿದ್ದಿತ್ತು. ಗಡಿಯಾರ ನೋಡಿದರೆ ಸಂಜೆ ಬಾಗಿಲಲ್ಲೇ ನಿಂತಿದೆ. ಬೇರೆ ದಾರಿಯಿರಲಿಲ್ಲ. ಓದಬೇಕಿದ್ದದ್ದು ಒಬ್ಬ ಮುದಿ ಅಂಬಿಗ ತನ್ನ ಬಾಳನ್ನು ತಾನೇ ಹೇಳಿಕೊಳ್ಳುವ ಪುಸ್ತಕದ ಮೊದಲ ಅಧ್ಯಾಯ. ಮೈಕಿನ ಮುಂದೆ ಕೂತು, ಜೊಲ್ಲು ಒರೆಸಿಕೊಳ್ಳುತ್ತ, ಸಾಲು ಸಾಲಿಗೂ ನಿಂತು ಉಸಿರೆಳೆದುಕೊಳ್ಳುತ್ತ ಓದಿದರು. 'ಬೆಳಗಾಗುವ ಮೊದಲೇ ಅಪ್ಪ ದೋಣಿ ಬಿಚ್ಚುತ್ತಿದ್ದ' ಎನ್ನುವುದು 'ಹೆಳಗಾಗುವ ಮೊಗಲೇ ಅಹ್ಹ ಲೋಣಿ ಹಿಚ್ಚುತ್ತಿಗ್ಗ' ಎಂದಾಯಿತು. ಅಧ್ಯಾಯ ಮುಗಿಸಿ, ದೇವರ ಮೇಲೆ ಭಾರ ಹಾಕಿ ಕಳಿಸಿ, ದಿಂಬಿಗೆ ಮುಖವಿಟ್ಟು ಮಲಗಿಬಿಟ್ಟರು.

ಫೋನು ಬಂದಾಗ ದೀಪ ಹಚ್ಚುವ ಹೊತ್ತು. ಮರಗಟ್ಟಿಸಿದ್ದ ಮದ್ದು ಇಳಿದಿತ್ತು. ಒಸಡು ಉರಿಯುತ್ತಿದ್ದರೂ ತುಟಿ ಮತ್ತೆ ಅವರದೇ ಆಗಿತ್ತು.

"ಸಾರ್, ಯಾರು ಸಾರ್ ಆ ಅಜ್ಜ?" ಮೇಡಂ ದನಿ ತುಂಬಿ ಬಂದಿತ್ತು. "ಆಫೀಸಲ್ಲಿ ಎಲ್ರೂ ಕೆಲಸ ಬಿಟ್ಟು ಕೇಳ್ತಿದೀವಿ. ಅರ್ಧ ಅರ್ಥ ಆಗಲ್ಲ, ಆದ್ರೂ ಕಣ್ಣಲ್ಲಿ ನೀರು ಬರತ್ತೆ. ಆ ಉಸಿರೇನು, ಆ ನಡುಕ ಏನು! ಪೂರ್ತಿ ಪುಸ್ತಕ ಅವರೇ ಓದ್ಲಿ. ಇದರ ಮುಂದಿನ ಎರಡು ಭಾಗಾನೂ ಅವರಿಗೇ."

ರಾಯರ ಎದೆ ಉಬ್ಬಿತು. "ಮೇಡಂ, ಅದು ನಾನೇ," ಎಂದರು, ಗಂಟೆ ಹೊಡೆದ ಹಾಗೆ.

ಆ ಕಡೆಯಿಂದ ನಗು. "ತಮಾಷೆ ಮಾಡ್ಬೇಡಿ ಸಾರ್. ನಿಮ್ಮ ಕಂಠ ಚೆನ್ನಾಗೇ ಇದೆ, ಆದ್ರೆ ಅದು ವಾರ್ತೆ ಓದೋ ಕಂಠ. ಪಾಪ, ದೊಡ್ಡ ಜೀವ, ಅವರ ಹೆಸರು ಮುಚ್ಚಿಡಬೇಡಿ. ನಂಬರ್ ಕೊಡಿ. ನಾಳೆ ಬೆಳಿಗ್ಗೆ ಎರಡನೇ ಅಧ್ಯಾಯ ಬೇಕು."

ಫೋನಿಟ್ಟ ರಾಯರು ತುಟಿ ಸೊಟ್ಟ ಮಾಡಿದರು, ಬಾಯಿಗೆ ಚಮಚ ತುರುಕಿದರು, ಹತ್ತಿ ತುರುಕಿದರು. ಹೇಗೆ ಓದಿದರೂ ವಾರ್ತೆಯೇ ಹೊರಗೆ ಬಂತು. ಕೊನೆಗೆ ತಲೆಯ ಮೇಲೆ ಕೈ ಹೊತ್ತು ಕೂತರು.

"ಅದಕ್ಯಾಕೆ ಅಷ್ಟೊಂದು ಚಿಂತೆ?" ಎಂದಳು ಗಣಿತದ ಹೆಂಡತಿ, ಅವರ ಗಲ್ಲ ಹಿಡಿದೆತ್ತಿ ಬಾಯೊಳಗೆ ಇಣುಕುತ್ತ. "ಅಧ್ಯಾಯ ಎಷ್ಟಿವೆ ಹೇಳಿ. ಹಲ್ಲು ಸಾಕಾಗತ್ತಾ ನೋಡೋಣ."