ಮಾವನ ಅಲ್ಲಾಡುವ ಹಕ್ಕಿಗಳು

ನಮ್ಮ ಮಾವ ತೆಗೆದ ಫೋಟೋಗಳನ್ನೆಲ್ಲ ಯಾರಾದರೂ ಪಕ್ಷಿತಜ್ಞರ ಮುಂದೆ ಹರಡಿದರೆ, ಆ ಮಹಾನುಭಾವರು ಅದುವರೆಗೆ ಓದಿದ್ದನ್ನು ಮರೆತು ಮತ್ತೆ ಒಂದನೇ ಕ್ಲಾಸಿನಿಂದ ಶುರು ಮಾಡಬೇಕಾಗುತ್ತದೆ. ಏಕೆಂದರೆ ಮಾವನ ಪ್ರಪಂಚದಲ್ಲಿ ಕೊಕ್ಕರೆಗೆ ಎರಡು ಕೊಕ್ಕು, ಗಿಳಿಗೆ ಮೂರು ಬಾಲ. ಕಾಗೆಯಂತೂ ಹಕ್ಕಿಯೇ ಅಲ್ಲ, ಆಕಾಶದ ಮೇಲೆ ಯಾರೋ ಇಂಕು ಚೆಲ್ಲಿದ ಕಲೆ!

ಮಾವ ಎಂದರೆ ನನ್ನ ಅಮ್ಮನ ತಮ್ಮ. ಮನೆ ಯಲಹಂಕದಲ್ಲಿ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇಡೀ ಆಯುಷ್ಯ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದವರು. ತಯಾರಾದ ಬಿಡಿಭಾಗ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಅದರ ಮೇಲೆ ‘ರಿಜೆಕ್ಟ್’ ಎಂದು ಮೊಹರು ಒತ್ತುವುದು ಅವರ ಕೆಲಸ. ನಿವೃತ್ತಿಯಾದ ಮೇಲೆ ರಿಜೆಕ್ಟ್ ಮಾಡಲು ಏನು ಸಿಗಬೇಕು? ಮೊದಲ ವಾರವೇ ಅತ್ತೆ ಮಾಡಿದ ಚಪಾತಿಯನ್ನು ಟ್ಯೂಬ್‌ಲೈಟಿಗೆ ಹಿಡಿದು, “ಲೇ, ಈ ಕಡೆ ಅಂಚು ದಪ್ಪ, ಆ ಕಡೆ ತೆಳು” ಎಂದರು. ಅತ್ತೆ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. “ರಿಜೆಕ್ಟ್ ಆದ ಮಾಲು ವಾಪಸ್ ಹೋಗ್ಬೇಕಲ್ವೇನ್ರೀ?” ಆ ದಿನ ಮಾವನ ಊಟ ಎರಡು ಬಾಳೆಹಣ್ಣು. ಮಾರನೆಯ ದಿನದಿಂದ ಅತ್ತೆಯ ಚಪಾತಿಗಳೆಲ್ಲ ನೂರಕ್ಕೆ ನೂರು ಪಾಸು!

ಇಂಥ ಮಾವನ ಕೈಗೆ ಹಳೆಯ ಸಹೋದ್ಯೋಗಿಯೊಬ್ಬರು ತಮಗೆ ಬೇಡವಾದ ಒಂದು ಕ್ಯಾಮೆರಾವನ್ನೂ ಅದರ ಜೊತೆಗೆ ಮೊಳದುದ್ದದ ಜೂಮ್ ಲೆನ್ಸನ್ನೂ ಹಾಕಿ ಪುಣ್ಯ ಕಟ್ಟಿಕೊಂಡರು. ಮಾವ ಬೆಳಗಾದರೆ ಕೆರೆಯ ಏರಿ ಹಿಡಿದರು. ಅತ್ತೆ ನೆಮ್ಮದಿಯಾಗಿ ಕಾಫಿ ಕುಡಿದರು. ಆದರೆ ಫೋಟೋಗಳು? ಒಂದೂ ನೆಟ್ಟಗೆ ಬರಲಿಲ್ಲ.

ಇದರ ಕಾರಣವನ್ನು ಮಾವನೇ ನನಗೆ ವಿವರಿಸಿದ್ದರು. “ಮಾವಿನಕಾಯಿ ಕೀಳೋ ದೋಟಿ ನೋಡಿದ್ದೀಯಲ್ಲಮ್ಮ? ಹಿಡಿ ಹತ್ರ ಕೈ ಒಂಚೂರು ಅಲ್ಲಾಡಿದ್ರೆ, ತುದೀಲಿ ಒಂದು ಮಾರು ಅಲ್ಲಾಡತ್ತೆ. ಉದ್ದ ಲೆನ್ಸೂ ಹಂಗೇ. ಹೊಸ ಲೆನ್ಸುಗಳಲ್ಲಿ ಸ್ಟೆಬಿಲೈಸೇಷನ್ ಅಂತ ಇರತ್ತೆ. ನಮ್ಮ ಕೈ ಎಡಕ್ಕೆ ಅಲ್ಲಾಡಿದ್ರೆ ಒಳಗಿರೋ ಗಾಜು ಬಲಕ್ಕೆ ಅಲ್ಲಾಡಿ ಸರಿ ಮಾಡತ್ತೆ.”

ಅಲ್ಲೇ ಹುರುಳಿಕಾಯಿ ಸೋಸುತ್ತಿದ್ದ ಅತ್ತೆ, “ಸಂಸಾರ ಇದ್ದಂಗೆ ಅನ್ನಿ” ಎಂದರು.

ಆದರೆ ಇದ್ದದ್ದನ್ನು ಬಿಟ್ಟು ಹೊಸದನ್ನು ಕೊಳ್ಳುವುದು ಮಾವನ ಜಾಯಮಾನವಲ್ಲ. ಗಾಜು ಮಾಡುವ ಕೆಲಸವನ್ನು ಮನುಷ್ಯ ಮಾಡಲಾರನೇ? ಉಸಿರು ಕಟ್ಟಿದರೆ ಮೈ ಅಲ್ಲಾಡುವುದಿಲ್ಲವೆಂದು ಎಲ್ಲೋ ಓದಿ, ಒಂದು ಬೆಳಿಗ್ಗೆ ಹೆಬ್ಬಾಳ ಕೆರೆಯ ದಡದಲ್ಲಿ ಕಂಬದಂತೆ ನಿಂತರು. ಎದುರಿಗೆ ಬಕಪಕ್ಷಿ ತಪಸ್ಸಿಗೆ ನಿಂತಿತ್ತು, ಈ ಕಡೆ ಮಾವ. ಬಕಪಕ್ಷಿ ತಿರುಗುವುದಿಲ್ಲ, ಮಾವ ಉಸಿರು ಬಿಡುವುದಿಲ್ಲ. ಮುಖ ಕೆಂಪಾಯಿತು, ಆಮೇಲೆ ಬದನೆಕಾಯಿ ಬಣ್ಣಕ್ಕೆ ತಿರುಗಿತು. ವಾಕಿಂಗಿಗೆ ಬಂದವರೊಬ್ಬರು, “ಸಾರ್, ಆರಾಮಾಗಿದ್ದೀರಾ ಸಾರ್?” ಎಂದರು. ಉಸಿರು ಕಟ್ಟಿದವರು ಉತ್ತರ ಕೊಡುವುದು ಹೇಗೆ? “ಅಯ್ಯೋ, ಬನ್ರೋ! ಅಂಕಲ್ಲು ನಿಂತಲ್ಲೇ ಹೋಗ್ಬಿಟ್ರು!” ಎಂದು ಅವರು ಕೂಗಿಕೊಂಡರು. ಐದಾರು ಜನ ಓಡಿಬಂದು ಮಾವನನ್ನು ಎತ್ತಿ ಹುಲ್ಲಿನ ಮೇಲೆ ಮಲಗಿಸಿ, ಅಂಗಾಲು ತಿಕ್ಕಿ, ಮುಖಕ್ಕೆ ನೀರು ಚಿಮುಕಿಸಿದರು. ಅಷ್ಟು ಹೊತ್ತು ಬೆನ್ನು ತೋರಿಸಿ ನಿಂತಿದ್ದ ಬಕಪಕ್ಷಿ ಆಗ ಗದ್ದಲವೇನೆಂದು ಇತ್ತ ತಿರುಗಿ ಚೆನ್ನಾಗಿ ಪೋಸು ಕೊಟ್ಟಿತಂತೆ. ಮಾವನ ಎರಡೂ ಕೈಗಳನ್ನು ಅಪರಿಚಿತರು ಹಿಡಿದುಕೊಂಡಿದ್ದರು!

ಆಮೇಲೆ ರಾಗಿಯ ಪ್ರಯೋಗ. ಸಣ್ಣ ಬಟ್ಟೆ ಚೀಲದಲ್ಲಿ ರಾಗಿ ತುಂಬಿ, ಅದನ್ನು ಕೆರೆಯ ಕಟ್ಟೆಯ ಮೇಲಿಟ್ಟು, ಅದರ ಮೇಲೆ ಲೆನ್ಸನ್ನು ಮಗುವಿನಂತೆ ಮಲಗಿಸಿದರು. ಉಪಾಯವೇನೋ ಒಳ್ಳೆಯದೇ. ಆದರೆ ಅತ್ತೆ ಕೊಟ್ಟಿದ್ದು ಹಳೇ ದಿಂಬಿನ ಗವಸು, ಅದರ ಮೂಲೆಯಲ್ಲಿ ತೂತು. ರಾಗಿ ಸೋರಿತು. ಮಾವ ದೂರದ ನಡುಗಡ್ಡೆಯ ಮೇಲೆ ಕಣ್ಣಿಟ್ಟು ಕೂತಿರುವಾಗ, ಕೆರೆಯ ಸಮಸ್ತ ಪಾರಿವಾಳ, ಗುಬ್ಬಿ, ಅಳಿಲುಗಳು ಅವರ ಮೊಣಕೈ ಸುತ್ತ ಪಂಕ್ತಿ ಹಾಕಿ ಕೂತವು. “ತೆಗೀಬೇಕಿತ್ತು ಮಾವ, ಅಷ್ಟು ಹತ್ರ ಬಂದಿದ್ವಲ್ಲ?” ಎಂದೆ. ಮಾವ ನಿಟ್ಟುಸಿರಿಟ್ಟರು. “ಈ ಲೆನ್ಸಿಗೆ ಹತ್ರದ್ದು ಕಾಣಲ್ಲ ಕಣಮ್ಮ.”

ಇಷ್ಟೆಲ್ಲ ಪಾಡು ಯಾಕೆಂದರೆ, ಅವರ ಬಡಾವಣೆಯ ಕೆರೆ ಬಳಗದವರು ವರ್ಷಕ್ಕೊಮ್ಮೆ ಸಮುದಾಯ ಭವನದಲ್ಲಿ ಫೋಟೋ ಪ್ರದರ್ಶನ ಇಡುತ್ತಾರೆ. ಅಲ್ಲಿನ ಗೋಡೆಯ ಮೇಲೆ ತಮ್ಮದೂ ಒಂದು ಹಕ್ಕಿ ಕೂರಬೇಕೆಂಬುದು ಮಾವನ ಆಸೆ. ಹೋದ ವರ್ಷ ಅಳುಕುತ್ತಲೇ ಒಂದು ಫೋಟೋ ಕೊಟ್ಟಿದ್ದರು. ಕಾರ್ಯದರ್ಶಿಗಳು ಅದನ್ನು ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ, ಬಹಳ ಮರ್ಯಾದೆಯಿಂದ ಕೇಳಿದರು. “ಸಾರ್, ತಪ್ಪು ತಿಳ್ಕೋಬೇಡಿ. ಇದ್ರಲ್ಲಿ ಮೇಲ್ಗಡೆ ಯಾವ್ದು?”

ಮಾವ ಅದನ್ನು ನಗುತ್ತಲೇ ನನಗೆ ಹೇಳಿದರು. ಆದರೆ ಆಮೇಲೆ ಎರಡು ವಾರ ಕ್ಯಾಮೆರಾ ಮುಟ್ಟಲಿಲ್ಲವೆಂದು ಅತ್ತೆ ಫೋನಿನಲ್ಲಿ ತಿಳಿಸಿದರು. ಜೀವನವಿಡೀ ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕಿದವರು ಈಗ ತಮ್ಮ ಎರಡು ಅಂಗೈಗಳನ್ನೇ ತಿರುಗಿಸಿ ತಿರುಗಿಸಿ ನೋಡುತ್ತಾ ಕೂರುತ್ತಿದ್ದರಂತೆ.

ಈ ವರ್ಷದ ಪ್ರದರ್ಶನ ಹತ್ತಿರ ಬಂದಾಗ ಪ್ರಶ್ನೆ ಮತ್ತೆ ಎದ್ದಿತು. ಸ್ಟೆಬಿಲೈಸೇಷನ್ ಒಂದಕ್ಕಾಗಿ ಲೆನ್ಸ್ ಬದಲಾಯಿಸಬೇಕೋ ಬೇಡವೋ? ಮಾವ ಕೇಳದವರಿಲ್ಲ. ಕ್ಷೌರದಂಗಡಿಯಲ್ಲಿ ಕೇಳಿದರು. ಹಲ್ಲಿನ ಡಾಕ್ಟರರ ಹತ್ತಿರ, ಬಾಯಿ ತೆರೆದುಕೊಂಡೇ ಕೇಳಿದರು. ಮತ್ತಿಕೆರೆಯ ನಮ್ಮ ಮನೆಗೆ ಸತ್ಯನಾರಾಯಣ ಪೂಜೆಗೆ ಬಂದಾಗ ಪುರೋಹಿತರನ್ನೂ ಬಿಡಲಿಲ್ಲ. ಅವರು ಅದು ಯಾವುದೋ ವಾಹನವೆಂದುಕೊಂಡು, “ಶುಕ್ರವಾರ ತಗೊಳ್ಳಿ, ಒಳ್ಳೇದಾಗತ್ತೆ” ಎಂದರು!

ಕೊನೆಗೆ ನಾನೇ ಹೇಳಿದೆ. “ಬಾಡಿಗೆಗೆ ಸಿಗತ್ತೆ ಮಾವ. ಎರಡು ದಿನ ತಂದು ಪರೀಕ್ಷೆ ಮಾಡಿ ನೋಡಿ.”

ಪರೀಕ್ಷೆ! ಆ ಪದ ಕೇಳಿದ್ದೇ ಮಾವನ ಮುಖ ಅರಳಿತು. ಯಶವಂತಪುರದ ಅಂಗಡಿಯಿಂದ ಸ್ಟೆಬಿಲೈಸೇಷನ್ ಇದ್ದ ಲೆನ್ಸ್ ಬಂತು. ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆ ಹಾಜರಾಗಲು ನನಗೆ ಆಜ್ಞೆಯಾಯಿತು. ಹೋಗಿ ನೋಡಿದರೆ ಮಾವ ಕುತ್ತಿಗೆಗೆ ಹಳೇ ಫ್ಯಾಕ್ಟರಿ ಐಡಿ ಕಾರ್ಡ್ ಹಾಕಿಕೊಂಡು, ರಟ್ಟಿನ ಮೇಲೆ ಕಾಗದ ಸಿಕ್ಕಿಸಿಕೊಂಡು ನಿಂತಿದ್ದರು. ಮೂರು ಬೀದಿ ಆಚೆಗಿನ ಕಟ್ಟಡದ ನೀರಿನ ಟ್ಯಾಂಕಿನ ಮೇಲೆ ಬರೆದ ಅಕ್ಷರಗಳೇ ಗುರಿ.

ಮೊದಲು ನಾನು. ಹಳೇ ಲೆನ್ಸಿನಲ್ಲಿ ನನ್ನ ಟ್ಯಾಂಕು ಭೂಕಂಪಕ್ಕೆ ಸಿಕ್ಕಿತ್ತು. ಹೊಸದರಲ್ಲಿ ಅದೇ ಟ್ಯಾಂಕು, ಅದೇ ನಾನು, ಅಕ್ಷರ ಸ್ಪಷ್ಟ. “ನೋಡು, ನೋಡು! ಇದೇ ಸ್ಟೆಬಿಲೈಸೇಷನ್!” ಎಂದು ಮಾವ ಸಂಭ್ರಮಿಸಿದರು. ಆಮೇಲೆ ತಾವು ನಿಂತರು. ಹೊಸ ಲೆನ್ಸಿನಲ್ಲಿ ಸ್ಪಷ್ಟ. ಹಳೆಯದನ್ನು ಹಾಕಿ ತೆಗೆದರು. ಅದೂ ಸ್ಪಷ್ಟ!

ಮಾವ ಬೆರಗಾದರು. ಮತ್ತೆ ತೆಗೆದರು. ಹತ್ತು ಸಲ ತೆಗೆದರೂ ಟ್ಯಾಂಕು ಕಲ್ಲಿನಲ್ಲಿ ಕೊರೆದ ಹಾಗೆ ಬಂತು. ಹಾಗಾದರೆ ಇಷ್ಟು ದಿನ ಇದು ಗೊತ್ತಾಗಲಿಲ್ಲವೇಕೆ? ಏಕೆಂದರೆ ಹಕ್ಕಿಯಲ್ಲದ್ದನ್ನು ಮಾವ ಒಮ್ಮೆಯಾದರೂ ಫೋಟೋ ತೆಗೆದಿರಲಿಲ್ಲ!

ಅಷ್ಟರಲ್ಲಿ ಒಂದು ಹದ್ದು ಬಂದು ಅದೇ ಟ್ಯಾಂಕಿನ ಮೇಲೆ ಕೂತಿತು. ಹೊಸ ಲೆನ್ಸ್ ಹಾಕಿ ಮಾವ ಪಟಪಟನೆ ಒತ್ತಿದರು. ತೆರೆಯ ಮೇಲೆ ನೋಡಿದರೆ ಮೂರು ತಲೆಯ ಹದ್ದು. ಅಷ್ಟೊಳ್ಳೆಯ ಗಾಜು ಕೂಡ ಸೋತಿತ್ತು. ಮಾವ ಕುಸಿದು ಕುರ್ಚಿಯ ಮೇಲೆ ಕೂತರು.

“ಗಾಜಿಂದೇನ್ ತಪ್ಪು?” ಎಂಬ ದನಿ ಹಿಂದಿನಿಂದ ಬಂತು. ಹಪ್ಪಳ ಒಣಹಾಕಲು ಅತ್ತೆ ಮೇಲೆ ಬಂದಿದ್ದರು. “ಹದ್ದು ಬಂದ ತಕ್ಷಣ ‘ಬಂತೂ ಬಂತೂ’ ಅಂತ ಒಂಟಿಕಾಲಲ್ಲಿ ಕುಣಿದ್ರಿ. ಕೈ ನಡುಗಿದ್ರೆ ಅದು ಸರಿ ಮಾಡ್ಬೋದು. ಮನುಷ್ಯನೇ ಕುಣಿದ್ರೆ ಏನ್ ಮಾಡತ್ತೆ ಪಾಪ?”

“ನಾನಾ? ಕುಣಿದ್ನಾ?” ಮಾವ ನನ್ನ ಕಡೆ ನೋಡಿದರು.

“ಕುಣಿದ್ರಿ ಮಾವ” ಎಂದೆ. “ಚಪ್ಪಲಿ ನೋಡ್ಕೊಳ್ಳಿ.” ಒಂದು ಚಪ್ಪಲಿ ತುಳಸಿಕಟ್ಟೆಯ ಹತ್ತಿರ ಬಿದ್ದಿತ್ತು.

ಹದ್ದು ಇನ್ನೂ ಅಲ್ಲೇ ಕೂತಿತ್ತು. “ಕೊಡಿ ಇಲ್ಲಿ” ಎಂದರು ಅತ್ತೆ. ಕ್ಯಾಮೆರಾದಲ್ಲಿ ಹಳೇ ಲೆನ್ಸನ್ನೇ ಹಾಕಿಸಿಕೊಂಡರು. ಯಾವ ಗುಂಡಿ ಒತ್ತಬೇಕೆಂದು ಕೇಳಿದರು. ಹಿಟ್ಟು ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಬಾಗಿಲ ಮುಂದೆ ರಂಗೋಲಿಯ ಎಳೆ ಬಿಡುವಾಗ ಹೇಗೆ ನಿಲ್ಲುತ್ತಾರೋ ಹಾಗೆ ನಿಂತು, ಒಂದೇ ಒಂದು ಸಲ ಒತ್ತಿದರು. ಮಾವ ಕನ್ನಡಕ ಏರಿಸಿ ದೊಡ್ಡದು ಮಾಡಿ ನೋಡಿದರು. ಹದ್ದಿನ ಗರಿ ಗರಿ ಎಣಿಸಬಹುದಿತ್ತು. ಅದರ ಕಣ್ಣಿನಲ್ಲಿ ಬೆಳಕಿನ ಒಂದು ಚುಕ್ಕೆ.

“ಲೇ, ಇನ್ನೊಂದು ತೆಗಿ.” ತೆಗೆದರು. ಅದೂ ಹಾಗೆಯೇ. “ಇನ್ನೊಂದು?” “ಹಪ್ಪಳ ಒಣಗ್ಬೇಕು ಕಣ್ರೀ” ಎಂದು ಅತ್ತೆ ಕ್ಯಾಮೆರಾ ವಾಪಸು ಕೊಟ್ಟರು.

ಲೆನ್ಸ್ ಹಿಂತಿರುಗಿಸಲು ಯಶವಂತಪುರಕ್ಕೆ ಹೋಗುವಾಗ ಆಟೋದಲ್ಲಿ ಮಾವ ತಮ್ಮ ಅಂಗೈಗಳನ್ನೇ ನೋಡುತ್ತಾ ಕೂತಿದ್ದರು. ನೊಂದುಕೊಂಡರೇನೋ ಎಂದು ನನಗೆ ಆತಂಕ. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಒಮ್ಮೆಲೇ ನಕ್ಕರು. “ವಯಸ್ಸಾಯ್ತು, ನನ್ನ ಕೈ ಕೆಲಸಕ್ಕೆ ಬರಲ್ಲ ಅಂದ್ಕೊಂಡಿದ್ದೆ ಕಣಮ್ಮ. ಕೈ ಚೆನ್ನಾಗೇ ಇದೆ. ಕುಣಿಯೋದಂತೆ! ಕುಣಿಯೋದು ರೋಗ ಅಲ್ವಲ್ಲ?”

“ಅಲ್ಲ ಮಾವ” ಎಂದೆ. ಹೊಸ ಲೆನ್ಸ್ ನನ್ನಂಥ ನಡುಗುವ ಕೈಯವರಿಗೆ ಖಂಡಿತ ಬೇಕು, ತಮ್ಮ ಮನೆಗೆ ಬೇಡ ಎಂದು ಮಾವ ಪರೀಕ್ಷೆಯ ಕಾಗದದಲ್ಲಿ ಬರೆದು ರುಜು ಹಾಕಿದರು.

ಮಾರನೆಯ ದಿನವೇ ಅತ್ತೆಯನ್ನು ಕೇಳಿದರಂತೆ, “ಬೆಳಿಗ್ಗೆ ನನ್ ಜೊತೆ ಕೆರೆಗೆ ಬರ್ತೀಯಾ?” ಅತ್ತೆಯ ಷರತ್ತು ಒಂದೇ. ತಿಂಡಿ ಹೊರಗೆ. ಹಾಗೆ ಶುರುವಾಯಿತು ಅವರ ಜೋಡಿ ಬೇಟೆ. ಹಕ್ಕಿಯನ್ನು ಮೊದಲು ಕಾಣುವುದು ಮಾವನೇ. ಯಾವ ಕೊಂಬೆ, ಯಾವ ಎಲೆಯ ಹಿಂದೆ ಎಂದು ಪಿಸುಗುಟ್ಟಿ ತೋರಿಸಿ, ತಾವು ಹತ್ತು ಹೆಜ್ಜೆ ದೂರ ಹೋಗಿ ಮನಸಾರೆ ಕುಣಿಯುತ್ತಾರೆ. ಅತ್ತೆ ಕಲ್ಲಿನಂತೆ ನಿಂತು ಕ್ಲಿಕ್ ಎನ್ನಿಸುತ್ತಾರೆ. ಆಮೇಲೆ ಇಬ್ಬರೂ ಬಿಸಿ ಇಡ್ಲಿ ವಡೆ.

ಮೂರನೇ ವಾರ ಮೀನು ಕಚ್ಚಿಕೊಂಡ ಮಿಂಚುಳ್ಳಿಯ ಫೋಟೋ ಸಿಕ್ಕಿತು. ಪ್ರದರ್ಶನಕ್ಕೆ ಮಾವ ಕೊಟ್ಟರು. ಈ ಸಲ ಕಾರ್ಯದರ್ಶಿಗಳು ತಿರುಗಿಸಿ ನೋಡಲಿಲ್ಲ. ನೇರವಾಗಿ ಎದುರು ಗೋಡೆಯ ನಡುವೆ ತೂಗುಹಾಕಿದರು.

ಪ್ರದರ್ಶನದ ದಿನ ನಾನೂ ಹೋಗಿದ್ದೆ. ಜನ ತುಂಬಿದ್ದರು. ಕಾರ್ಯದರ್ಶಿಗಳು ಮೈಕಿನಲ್ಲಿ, “ಈ ವರ್ಷದ ಅತ್ಯುತ್ತಮ ಫೋಟೋ, ನಮ್ಮ ಹಿರಿಯ ಸದಸ್ಯರದ್ದು!” ಎಂದು ಮಾವನನ್ನು ಕೂಗಿದರು. ಚಪ್ಪಾಳೆ ಬಿತ್ತು. ಮಾವ ಎದ್ದು ಹೋಗಿ, ಅವರು ಹೊದಿಸಲು ಬಂದ ಶಾಲನ್ನು ಕೈಯಿಂದ ತಡೆದು, ಮೈಕು ಇಸಿದುಕೊಂಡರು.

“ಒಂದು ತಿದ್ದುಪಡಿ ಇದೆ. ಈ ಫೋಟೋ ತೆಗ್ದಿದ್ದು ನಾನಲ್ಲ. ನಮ್ಮನೆಯವ್ರು.”

“ಅವರ ಹೆಸರು ಸಾರ್?” ಎಂದರು ಕಾರ್ಯದರ್ಶಿಗಳು, ಪೆನ್ನು ತೆಗೆದು.

ಮಾವ ತಡವರಿಸಿದರು. ನನಗೆ ಹೊಳೆದದ್ದು ಆಗ. ನಾನು ಹುಟ್ಟಿದಾಗಿನಿಂದ ಇವರಿಬ್ಬರನ್ನು ನೋಡಿದ್ದೇನೆ. ‘ಲೇ’, ‘ಇವಳೇ’, ‘ನೋಡಿಲ್ಲಿ’ ಇಷ್ಟರಲ್ಲೇ ಮಾವನ ಸಂಸಾರ ನಡೆದಿತ್ತು. ಅತ್ತೆಯ ಹೆಸರನ್ನು ಅವರ ಬಾಯಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಮಾವ ಗಂಟಲು ಸರಿಮಾಡಿಕೊಂಡು, ಮೂರನೇ ಸಾಲಿನಲ್ಲಿ ಕೂತಿದ್ದ ಅತ್ತೆಯನ್ನೇ ನೋಡುತ್ತಾ ಹೇಳಿದರು.

“ನಾಗರತ್ನ.”

ಅತ್ತೆ ಕಿವಿಯ ಹಿಂದೆ ಕೈಯಿಟ್ಟು, ಮುಂದಕ್ಕೆ ಬಾಗಿ, “ಏನಂದ್ರಿ? ಕೇಳಿಸ್ಲಿಲ್ಲ” ಎಂದರು.

ಮೈಕು ಸರಿಯಾಗಿಯೇ ಇತ್ತು. ಹೊರಗೆ ಬಾಗಿಲಲ್ಲಿ ಕಾಫಿ ಬಗ್ಗಿಸುತ್ತಿದ್ದವರಿಗೂ ಕೇಳಿಸಿತ್ತು. ಮಾವ ಇನ್ನೊಂದು ಸಲ ಹೇಳಿದರು.