ಬಾಯಿ ಮುಚ್ಚಿಕೊಂಡು ಸವದತ್ತಿಯಿಂದ ಬೈಲಹೊಂಗಲಕ್ಕೆ

ಮೌನದ ಮಹಿಮೆಯನ್ನು ಕೊಂಡಾಡಿದವರೆಲ್ಲ ಅದನ್ನು ಬಾಯಿಬಿಟ್ಟೇ ಕೊಂಡಾಡಿದ್ದಾರೆ ಎಂಬುದು ನನ್ನ ಬಹುಕಾಲದ ತಕರಾರು. ಸುಮ್ಮನಿರುವುದು ಅಷ್ಟು ದೊಡ್ಡ ಸಂಗತಿಯಾಗಿದ್ದರೆ ಅವರು ಸುಮ್ಮನಿದ್ದೇ ತೋರಿಸಬಹುದಿತ್ತು. ಈ ವಿಷಯದಲ್ಲಿ ನಾನು ಯಾರಿಗೂ ಮೋಸ ಮಾಡಿದವನಲ್ಲ. ಬೈಲಹೊಂಗಲದ ಪೇಟೆಯಲ್ಲಿ ಹತ್ತಿಯ ರಾಶಿಗಳ ಮುಂದೆ ನಿಂತು ಸವಾಲು, ಅಂದರೆ ಹರಾಜು, ಕೂಗುವುದೇ ಆಯುಷ್ಯವೆಲ್ಲ ನನ್ನ ಉದ್ಯೋಗವಾಗಿತ್ತು. ನಾನು ದರ ಕೂಗಿದರೆ ಮಲಗಿದ್ದ ಎತ್ತುಗಳು ಎದ್ದು ನಿಲ್ಲುತ್ತಿದ್ದವು. ಈಗ ನಿವೃತ್ತನಾಗಿದ್ದೇನೆ, ಆದರೆ ಆ ಸುದ್ದಿ ಇನ್ನೂ ನನ್ನ ಗಂಟಲಿಗೆ ಮುಟ್ಟಿಲ್ಲ. ನಾನು ಮನೆಯಲ್ಲಿ ಚಹಾ ಕೇಳಿದರೆ ಎದುರು ಮನೆಯವರು ಒಲೆ ಹೊತ್ತಿಸುತ್ತಾರೆ ಎಂದು ನನ್ನ ಹೆಂಡತಿ ಹೇಳುವುದುಂಟು. ಇಂಥವನ ಮೇಲೆ ಒಂದು ದಿನ ಸುಮ್ಮನಿರುವ ಜವಾಬ್ದಾರಿ ಬಿತ್ತು.

ಅದಕ್ಕೆ ಕಾರಣ ನನ್ನ ಮೊಮ್ಮಗಳು ಅಕ್ಷತಾ. ಮಗಳು ಅಳಿಯ ದೊಡವಾಡದಲ್ಲಿ ಹೊಲ ನೋಡಿಕೊಂಡಿರುತ್ತಾರೆ. ಹುಡುಗಿ ಹೈಸ್ಕೂಲಿಗೆಂದು ನಮ್ಮಲ್ಲಿದ್ದಾಳೆ. ಉಳಿದ ಮನೆಗಳ ಹೆಣ್ಣುಮಕ್ಕಳು ಅಂಗಳದಲ್ಲಿ ರಂಗೋಲಿ ಹಾಕಿದರೆ ಇವಳು ಹಿತ್ತಿಲಲ್ಲಿ ಬೂದಿಯಿಂದ ಒಂದು ವೃತ್ತ ಬರೆದು, ಅದರೊಳಗೆ ನಿಂತು ಕಬ್ಬಿಣದ ಗುಂಡು ಎಸೆಯುತ್ತಾಳೆ. ಆ ಗುಂಡಿನಿಂದ ನಮ್ಮ ಹಿತ್ತಿಲು ಸಿಡುಬು ಬಂದು ಹೋದ ಮುಖದಂತಾಗಿದೆ. ನನ್ನ ಹೆಂಡತಿಗೆ ಎಸೆತದಲ್ಲಿ ಆಸಕ್ತಿಯಿಲ್ಲ, ಗುಂಡಿನಲ್ಲಿದೆ. ನಮ್ಮ ಓಣಿಯ ಬೆಕ್ಕು ಎಂಥ ಮುಚ್ಚಳವನ್ನಾದರೂ ಸರಿಸಿ ಹಾಲು ಕುಡಿಯುತ್ತದೆ. ಒಮ್ಮೆ ಅಕ್ಷತಾ ಜ್ವರದಿಂದ ಮಲಗಿದ್ದಾಗ ನನ್ನ ಹೆಂಡತಿ ಹಳೆಯ ಬಟ್ಟೆಯ ಸಿಂಬಿ ಮಾಡಿ, ಹಾಲಿನ ಪಾತ್ರೆಯ ಮುಚ್ಚಳದ ಮೇಲೆ ಗುಂಡನ್ನು ಪ್ರತಿಷ್ಠಾಪಿಸಿದಳು. ಬೆಕ್ಕು ಅಂದು ಬಂದ ದಾರಿಗೇ ಹೋಯಿತು. ಅಂದಿನಿಂದ ಆ ಗುಂಡಿನ ಮೇಲೆ ಅವಳ ಕಣ್ಣಿದೆ. ಹುಡುಗಿ ಆಟ ಬಿಟ್ಟರೆ ಅಡುಗೆಮನೆಗೆ ಅನುಕೂಲವಾದೀತು ಎಂದು ಬಾಯಿಬಿಟ್ಟು ಹೇಳಿದವಳಲ್ಲ. ಆದರೆ ಸಿಂಬಿಯನ್ನು ಬಿಚ್ಚದೆ ಹಾಗೇ ಇಟ್ಟುಕೊಂಡಿದ್ದಳು.

ಅಕ್ಷತಾಳ ತೊಂದರೆಯೆಂದರೆ, ಹಿತ್ತಿಲಲ್ಲಿ ಗೋಡೆಗೆ ಬಡಿಯುವಂತೆ ಎಸೆಯುವವಳು ಸ್ಪರ್ಧೆಯಲ್ಲಿ ನಾಲ್ಕು ಜನ ನೋಡಿದ ಕೂಡಲೇ ವೃತ್ತ ದಾಟಿ ಹೊರಗೆ ಕಾಲಿಡುತ್ತಿದ್ದಳು. ಕಾಲು ಹೊರಗೆ ಬಂದರೆ ಎಸೆತ ಲೆಕ್ಕಕ್ಕಿಲ್ಲ. ಇಂಥ ಮಕ್ಕಳ ಮನಸ್ಸು ಗಟ್ಟಿ ಮಾಡಲೆಂದು ಶಾಲೆಯವರು ಧಾರವಾಡದಿಂದ ಪಲ್ಲವಿ ಮೇಡಂ ಎಂಬ ತರಬೇತುದಾರರನ್ನು ಕರೆಸಿದರು. ಮನಸ್ಸು ಗಟ್ಟಿ ಮಾಡುವವರೆಂದರೆ ಅವರೂ ಗಟ್ಟಿಮುಟ್ಟಾಗಿರುತ್ತಾರೆಂದುಕೊಂಡಿದ್ದೆ. ನೋಡಿದರೆ ಗಾಳಿ ಬಂದರೆ ಕಿಟಕಿ ಮುಚ್ಚಬೇಕೆನಿಸುವಂಥ ಸಣ್ಣ ಹುಡುಗಿ. ಪಾಲಕರಿಗೂ ಒಂದು ದಿನ ತರಬೇತಿ ಇತ್ತು. ಮೊದಲು ಕಣ್ಣು ಮುಚ್ಚಿ, ಉಸಿರು ನಿಧಾನ ಮಾಡಿ, ಅತ್ಯಂತ ಶಾಂತವಾದ ಜಾಗವೊಂದನ್ನು ನೆನೆಯಲು ಹೇಳಿದರು. ನಾನು ಸೂಟಿಯ ದಿನದ ಹತ್ತಿ ಪೇಟೆಯನ್ನು ನೆನೆದೆ. ಎಚ್ಚರವಾದಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಇಷ್ಟು ಬೇಗ ಇಷ್ಟು ಆಳಕ್ಕೆ ಇಳಿದವರನ್ನು ತಾನು ಕಂಡಿಲ್ಲವೆಂದು ಮೇಡಂ ಹೇಳಿದರು. ಗೊರಕೆಯ ವಿಷಯ ಅವರು ಎತ್ತಲಿಲ್ಲ. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಆಗಲೇ.

ಆಮೇಲೆ ಮುಖ್ಯ ವಿಷಯಕ್ಕೆ ಬಂದರು. "ಮಕ್ಕಳು ಆಟ ಬಿಡೂದು ಮೈದಾನದಾಗ ಅಲ್ರಿ, ಮನಿಗೆ ಹೋಗೂ ದಾರ್ಯಾಗ" ಎಂದರು. ಸೋತ ಮಗುವಿಗೆ ದಾರಿಯುದ್ದಕ್ಕೂ ಬುದ್ಧಿ ಹೇಳಿ ಹೇಳಿ ನಾವೇ ಅದರ ಕೈಯಿಂದ ಆಟ ಕಸಿಯುತ್ತೇವಂತೆ. ಆದ್ದರಿಂದ ಮಗು ತಾನಾಗಿ ಎತ್ತುವ ತನಕ ಆಟದ ಮಾತನ್ನೇ ತೆಗೆಯಬಾರದು. ಹಾಗಾದರೆ ಏನು ಮಾತಾಡಬೇಕೆಂದು ನಾನು ಕೇಳಿದೆ. "ಹಸಿವಾಗೇತೇನು ಅಂತ ಕೇಳ್ರಿ. ಅಷ್ಟ ಸಾಕು" ಎಂದರು. ನಾನು ಎದ್ದು ನಿಂತು, ಅದರಂತೆಯೇ ನಡೆಯುತ್ತೇನೆಂದು ಸಭೆಯ ಮುಂದೆ ಮಾತು ಕೊಟ್ಟೆ. ಮಾತು ಕೊಡಲು ತುಸು ಹೆಚ್ಚೇ ಮಾತು ಬಳಸಿದೆನೆಂದು ಪಕ್ಕದಲ್ಲಿದ್ದವರು ಹೇಳಿದರು.

ಕೆಲವೇ ದಿನಗಳಲ್ಲಿ ಸವದತ್ತಿಯಲ್ಲಿ ಸುತ್ತಲಿನ ತಾಲೂಕುಗಳ ಶಾಲೆಗಳ ಕ್ರೀಡಾಕೂಟ ನಡೆಯಿತು. ಅಕ್ಷತಾಳ ಜೊತೆ ನಾನು ಹೋದೆ. ಮೂರು ಎಸೆತ, ಮೂರಕ್ಕೂ ಕೆಂಪು ಬಾವುಟ. ಕೊನೆಯದಂತೂ ಎಲ್ಲರಿಗಿಂತ ದೂರ ಬಿದ್ದಿತ್ತು, ಕಾಲು ಮಾತ್ರ ಗೆರೆಯಾಚೆ ಇತ್ತು. ಹುಡುಗಿ ಅಳಲಿಲ್ಲ. ನೆಟ್ಟಗೆ ಬಂದು ತನ್ನ ಅಭ್ಯಾಸದ ಗುಂಡನ್ನು ನನ್ನ ಕೈಚೀಲಕ್ಕೆ ಹಾಕಿ, "ಅಜ್ಜಾ, ಇದನ್ನ ಆಯಿಗೆ ಕೊಟ್ಟಬಿಡು. ಹಾಲಿನ ಪಾತ್ರಿ ಮ್ಯಾಲೆ ಇಡಲಿ. ನನಗ ಸಾಕಾತು" ಎಂದಳು.

ಬೆಕ್ಕಿನ ಹಣೆಬರಹ ನಿರ್ಧಾರವಾದಂತಾಯಿತು. ನನ್ನ ಬಾಯಿಯಲ್ಲಿ ಬುದ್ಧಿಮಾತುಗಳು ಸಂತೆಯ ದಿನದ ಗಾಡಿಗಳಂತೆ ಸಾಲುಗಟ್ಟಿದವು. ಕಾಲು ಹಿಂದಿಡಬೇಕಿತ್ತು, ಜನರನ್ನು ನೋಡಬಾರದಿತ್ತು, ನಾನು ನಿನ್ನ ವಯಸ್ಸಿನಲ್ಲಿ... ಎಲ್ಲವನ್ನೂ ನುಂಗಿದೆ. "ಹಸಿವಾಗೇತೇನವ್ವಾ?" ಎಂದೆ. ಇಲ್ಲ ಎಂದಳು. ಅಲ್ಲಿಗೆ ನನ್ನ ಪರವಾನಗಿ ಮುಗಿಯಿತು.

ಬಸ್ಸಿನಲ್ಲಿ ಯಲ್ಲಮ್ಮನ ಗುಡ್ಡದಿಂದ ಬಂದವರೇ ತುಂಬಿದ್ದರು. ಎಲ್ಲರ ಹಣೆಯಲ್ಲೂ ಭಂಡಾರ, ದೇವಿಯ ಅರಿಸಿನ ಪುಡಿ. ಅಕ್ಷತಾ ಕಿಟಕಿಗೆ ಮುಖ ಕೊಟ್ಟು ಕುಳಿತಳು. ನಾನು ಚೀಲವನ್ನು ತೊಡೆಯ ಮೇಲಿಟ್ಟು ಅಪ್ಪಿಕೊಂಡೆ. ನನ್ನ ಇನ್ನೊಂದು ಬದಿಗೆ ತಲೆಗೆ ಪಟಕಾ ಸುತ್ತಿದ ಹಿರಿಯರೊಬ್ಬರು ಬಂದು ಕುಳಿತು, ಯಾವ ಊರು, ಯಾರ ಪೈಕಿ, ಸವದತ್ತಿಗೆ ಏನು ಕೆಲಸ ಎಂದು ವಿಚಾರಿಸಿದರು. ನಮ್ಮ ಕಡೆ ಇಷ್ಟು ಕೇಳದವರನ್ನು ಸೊಕ್ಕಿನವರೆನ್ನುತ್ತಾರೆ, ಹೇಳದವರನ್ನು ಕಾಯಿಲೆಯವರೆನ್ನುತ್ತಾರೆ. ಸವದತ್ತಿಯ ಕೆಲಸ ಹೇಳಿದರೆ ಆಟದ ಮಾತು ಬಂತು. ನಾನು ತಲೆಯಾಡಿಸಿ, ಹುಡುಗಿಯ ಕಡೆ ಕಣ್ಣು ತೋರಿಸಿ, ಅವಳ ಮುಂದೆ ಬೇಡ ಎಂಬಂತೆ ಸನ್ನೆ ಮಾಡಿದೆ. ಅವರು ಕಲ್ಲಿನಂತೆ ಕುಳಿತ ಹುಡುಗಿಯನ್ನು ನೋಡಿದರು, ಚೀಲ ಅಪ್ಪಿಕೊಂಡ ನನ್ನನ್ನು ನೋಡಿದರು. ದನಿ ತಗ್ಗಿಸಿ, "ಮಣ್ಣಿಗೆ ಹೋಗಿದ್ರೇನ್ರಿ?" ಎಂದರು.

ಯಾರಾದರೂ ತೀರಿಕೊಂಡಾಗ ಹೂಳಲು ಹೋಗುವುದನ್ನು ನಮ್ಮಲ್ಲಿ ಹಾಗೆ ಅನ್ನುತ್ತಾರೆ. ಅಲ್ಲ ಎಂದರೆ ಮತ್ತೇಕೆ ಹೋಗಿದ್ದಿರಿ ಎಂಬ ಪ್ರಶ್ನೆ ಬಾಗಿಲಲ್ಲೇ ನಿಂತಿತ್ತು. ದಿಕ್ಕು ತೋಚದೆ ಒಂದು ನಿಟ್ಟುಸಿರು ಬಿಟ್ಟೆ. ಆ ನಿಟ್ಟುಸಿರು ನನಗಿಂತ ಚೆನ್ನಾಗಿ ಸವಾಲು ಕೂಗುವಂಥದ್ದು. ಸೀಟಿನಿಂದ ಸೀಟಿಗೆ ಹೋಗಿ ಡ್ರೈವರನನ್ನು ಮುಟ್ಟಿತು. ಅವನು ಹಾಡು ಬಂದ್ ಮಾಡಿದ. ಕಂಡಕ್ಟರ್ ಚಿಲ್ಲರೆಯನ್ನು ಎಂದೂ ಇಲ್ಲದ ಮರ್ಯಾದೆಯಿಂದ ಕೈಯಲ್ಲಿಟ್ಟ. ಹಿರಿಯರು ಪಟಕಾ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಯಾರು ಸತ್ತರೆಂದು ಗೊತ್ತಿಲ್ಲದೆಯೂ ಇಡೀ ಬಸ್ಸು ಒಬ್ಬ ಒಳ್ಳೆಯ ಮನುಷ್ಯನನ್ನು ಕಳೆದುಕೊಂಡಿತು.

ಆಗ ಮುಂದಿನ ಸೀಟಿನ ಹೆಣ್ಣುಮಗಳೊಬ್ಬಳು ಎದ್ದು ಹಿಂದಕ್ಕೆ ವಾಲಿ ಅಕ್ಷತಾಳ ತಲೆ ಸವರಿದಳು. "ಅಳು ನನ್ನ ಮಗಳ. ಒಳಗ ಇಟಗೋಬಾರದು" ಎಂದಳು. ನಾನು ತಡೆಯಬೇಕೆನ್ನುವಷ್ಟರಲ್ಲಿ ಹುಡುಗಿ ಅತ್ತೇಬಿಟ್ಟಳು. ಮೈದಾನದಲ್ಲಿ ಬಾರದ ಅಳು, ಭುಜ ಕುಣಿಯುವಂಥ ಅಳು. ನನ್ನ ಮೌನದ ಪಕ್ಕದಲ್ಲೇ ಇಷ್ಟೊಂದು ನೀರು ನಿಂತಿತ್ತೆಂದು ನನಗೆ ಗೊತ್ತಿರಲಿಲ್ಲ. ಆ ತಾಯಿ ಸೆರಗಿನಿಂದ ಮುಖ ಒರೆಸಿ ಗಂಟು ಬಿಚ್ಚಿ ಹೋಳಿಗೆ ಕೊಟ್ಟಳು. ಹಸಿವಿಲ್ಲ ಎಂದವಳು ಬಿಕ್ಕುತ್ತಲೇ ತಿಂದಳು.

"ಹೋದವರು ನಿನಗ ಏನಾಗಬೇಕು ಮಗಳ?"

"ಯಾರೂ ಹೋಗಿಲ್ರಿ" ಎಂದಳು ಅಕ್ಷತಾ. "ಗುಂಡು ಒಗಿಯೂದರಾಗ ಸೋತೇನ್ರಿ. ಕಾಲು ಗೆರಿ ದಾಟತಾವ."

ಹಿರಿಯರು ಪಟಕಾ ಮತ್ತೆ ತಲೆಗಿಟ್ಟುಕೊಂಡು ನನ್ನ ಕಡೆ ತಿರುಗಿದರು. "ಯಜಮಾನ್ರ, ನಿಮಗ ಬಾಯಿ ಇಲ್ಲೇನ್ರಿ? ಆಗಿಂದ ಯಾರಿಗೋ ಶಾಂತಿ ಸಿಗಲಿ ಅಂತ ನಾ ಬೇಡಕೊಳ್ಳಾಕ ಹತ್ತೇನಿ." ಆ ಪ್ರಶ್ನೆಯನ್ನು ನನಗೆ ಜನ್ಮದಲ್ಲಿ ಯಾರೂ ಕೇಳಿರಲಿಲ್ಲ.

ಹೋಳಿಗೆ ಕೊಟ್ಟವಳು ಮಾತ್ರ ಕೊಟ್ಟದ್ದನ್ನು ವಾಪಸು ಕೇಳಲಿಲ್ಲ. "ಹಂಗಾರ ಯಾರೂ ಸತ್ತಿಲ್ಲ? ಛಲೋ ಆತು ಬಿಡವಾ. ಎಲ್ಲೈತಿ ಆ ಗುಂಡು, ತೋರಸು" ಎಂದಳು. ಗುಂಡು ಚೀಲದಿಂದ ಹೊರಬಂತು. ಆಮೇಲೆ ಅದು ಕೈಯಿಂದ ಕೈಗೆ ಬಸ್ಸೆಲ್ಲ ತಿರುಗಿತು. ಹೆಂಗಸರು ಹೊರೆ ಅಂದಾಜು ಮಾಡುವಂತೆ ಎತ್ತಿ ನೋಡಿದರು. ಇಂಥದನ್ನು ಒಗೆಯುವುದು ಹೋಗಲಿ, ಹಿಡಿದು ನಿಲ್ಲುವುದೇ ಕಷ್ಟವೆಂದು ಹಿರಿಯರು ತೀರ್ಪು ಕೊಟ್ಟರು. ಕಂಡಕ್ಟರ್ ಎದೆಯ ಹತ್ತಿರ ಹಿಡಿದಾಗ ಅಕ್ಷತಾಗೆ ತಡೆಯಲಾಗಲಿಲ್ಲ. "ಹಂಗಲ್ರಿ, ಕುತ್ತಿಗಿಗೆ ಹಚ್ಚಬೇಕು" ಎಂದು ಎದ್ದುಹೋಗಿ ತೋರಿಸಿದಳು. ಅಷ್ಟು ಜನ ನೋಡುತ್ತಿದ್ದರು. ಓಡುವ ಬಸ್ಸಿನಲ್ಲೂ ಅವಳ ಕಾಲು ಅಲುಗಲಿಲ್ಲ. ಗುಂಡು ತಿರುಗಿ ಬಂದಾಗ ಭಂಡಾರದ ಕೈಗಳಿಂದ ಹಳದಿಯಾಗಿತ್ತು. ನಾನು ಚೀಲ ತೆರೆದು ಹಿಡಿದೆ. ಅವಳು ಅದನ್ನು ತನ್ನ ಮಡಿಲಲ್ಲೇ ಇಟ್ಟುಕೊಂಡಳು.

ಮನೆಯಲ್ಲಿ ನನ್ನ ಹೆಂಡತಿ ಭಂಡಾರ ಮೆತ್ತಿದ ಗುಂಡನ್ನು ನೋಡಿ ಕೈ ಮುಗಿದಳು. ಯಲ್ಲಮ್ಮನ ಭಂಡಾರ ಮುಟ್ಟಿದ್ದನ್ನು ಹಾಲಿನ ಪಾತ್ರೆಯ ಮೇಲೆ ಹೇರುವಂತಿಲ್ಲವೆಂದು ದೇವರ ಜಗಲಿಯ ಮೇಲಿಟ್ಟಳು. ಸಿಂಬಿ ಮಾತ್ರ ಅದೇ. ದಿನಾ ಸಂಜೆ ಅಕ್ಷತಾ ಅದನ್ನು ಜಗಲಿಯಿಂದ ಹಿತ್ತಿಲಿಗೆ ಒಯ್ಯುತ್ತಾಳೆ. ಬೆಕ್ಕು ಮೈ ತುಂಬಿಕೊಂಡಿದೆ.

ಮುಂದಿನ ಸಭೆಯಲ್ಲಿ ಪಲ್ಲವಿ ಮೇಡಂ, ಅಜ್ಜನವರು ದಾರಿಯುದ್ದಕ್ಕೂ ಬಾಯಿ ಬಿಡಲಿಲ್ಲವಂತೆ ಎಂದು ಎಲ್ಲರ ಮುಂದೆ ನನ್ನನ್ನು ಹೊಗಳಿ ಎರಡು ಮಾತಾಡಲು ಹೇಳಿದರು. ಮೌನದ ಕುರಿತು ನಾನು ಮಾಡಿದ ಭಾಷಣ ಸಭೆ ಮುಗಿಯುವ ಹೊತ್ತನ್ನು ದಾಟಿತು.

ಮೊನ್ನೆ ಕಿತ್ತೂರಿನಲ್ಲಿ ಮತ್ತೊಂದು ಸ್ಪರ್ಧೆ ಇತ್ತು. ಅಕ್ಷತಾಳ ಕಾಲು ಒಮ್ಮೆಯೂ ಗೆರೆ ದಾಟಲಿಲ್ಲ. ನಾಲ್ಕನೆಯವಳಾದಳು, ಪದಕ ಮೂವರಿಗೆ. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅನುಭವಿಯ ಗಾಂಭೀರ್ಯದಿಂದ ತುಟಿ ಬಿಗಿದು ಕುಳಿತೆ. ತುಸು ಹೊತ್ತಿನಲ್ಲೇ ಹುಡುಗಿ ಮೊಣಕೈಯಿಂದ ತಿವಿದಳು.

"ಅಜ್ಜಾ, ಏನಾರ ಮಾತಾಡು. ಮಂದಿ ನೋಡಾಕ ಹತ್ಯಾರ."

ಬಾಯಿ ತೆರೆದೆ. ಆಯುಷ್ಯವೆಲ್ಲ ಪೇಟೆಯನ್ನು ಎಬ್ಬಿಸಿದ ಬಾಯಿಗೆ ಒಂದೇ ಒಂದು ಮಾತು ಹೊಳೆಯಿತು. "ಹಸಿವಾಗೇತೇನವ್ವಾ?" ಎಂದೆ. ಬಹಳ ಹೊತ್ತು ಕಟ್ಟಿಟ್ಟಿದ್ದರಿಂದಲೋ ಏನೋ, ಅದು ಸವಾಲಿನ ದನಿಯಲ್ಲೇ ಬಂತು. ಡ್ರೈವರ್ ಬ್ರೇಕ್ ಒತ್ತಿದ. ಬಸ್ಸಿನ ತುಂಬ ಗಂಟುಗಳು ಬಿಚ್ಚಿಕೊಂಡವು. ಯಾರೋ ರೊಟ್ಟಿ, ಯಾರೋ ಶೇಂಗಾ ಚಟ್ನಿ, ಯಾರೋ ಬಾಳೆಹಣ್ಣು ನನ್ನ ತಲೆಯ ಮೇಲಿಂದಲೇ ಅವಳಿಗೆ ದಾಟಿಸಿದರು. ಅಕ್ಷತಾ ಹೊಟ್ಟೆ ತುಂಬ ಉಂಡು, ಇನ್ನು ಎಷ್ಟು ದೂರ ಎಸೆದರೆ ಮೂರನೆಯವಳಾಗಬಹುದು ಎಂಬುದನ್ನು ಮನೆ ಮುಟ್ಟುವ ತನಕ ತಾನೇ ವಿವರಿಸಿದಳು.

ನನಗೂ ಹಸಿವಾಗಿತ್ತು. ಆದರೆ ಅಜ್ಜಂದಿರನ್ನೂ ಹಾಗೆ ಕೇಳಬೇಕೆಂದು ಮೇಡಂ ಯಾರಿಗೂ ಹೇಳಿಕೊಟ್ಟಿರಲಿಲ್ಲ.