ಓಗುಶಿಯ ಕಬ್ಬಿಣ

ವರ್ಷಾಂತ್ಯದ ದೊಡ್ಡ ತೊಳೆಯುವ ದಿನ ಹತಾನೊ ಅವರ ಕೈಗೆ ಸಿಕ್ಕಿದ್ದು ಕೊಳೆಯಾಗಿ ಉಳಿಯುವುದುಂಟೇ? ಪ್ರಯೋಗಾಲಯದ ಹಿರಿಯ ಸಹಾಯಕಿಯಾದ ಆಕೆ ತಲೆಗೆ ಟವೆಲ್ ಬಿಗಿದು ಸಂಶೋಧಕ ಓಗುಶಿಯ ಕಪಾಟಿಗೆ ನುಗ್ಗಿದರು. ಕಲಕುವ ಕಡ್ಡಿಗಳನ್ನೆಲ್ಲ, ಬಂಗಾರವನ್ನೂ ಕರಗಿಸುವ ಆಮ್ಲದಲ್ಲಿ ಅದ್ದಿ ತೆಗೆದರು. ಫ್ಲಾಸ್ಕಿನೊಳಗೆ ಗಿರಗಿರ ತಿರುಗುವ ಆ ಪುಟ್ಟ ಅಯಸ್ಕಾಂತದ ಕಡ್ಡಿಗಳು, ಹಿಂದೆ ಪ್ರಯೋಗಾಲಯ ನಡೆಸುತ್ತಿದ್ದ ತಚಿಬಾನಾ ಮೇಷ್ಟ್ರ ಕಾಲದವು.

“ಎಷ್ಟು ಕರ್ರಗಾಗಿದ್ವು ಅಂತೀನಿ! ಈಗ ನೋಡಿ, ಹಾಲುಹಲ್ಲಿನ ಹಾಗಿವೆ.”

“ನಿಮಗೆ ತೊಂದರೆ ಆಯ್ತು,” ಎಂದು ಓಗುಶಿ ಬಗ್ಗಿ ನಮಸ್ಕರಿಸಿದ. ಅವನ ಮನಸ್ಸೆಲ್ಲ ಮಧ್ಯಾಹ್ನದ ಮೇಲಿತ್ತು. ಮಾರ್ಚಿಗೆ ಅವನ ನೌಕರಿ ಮುಗಿಯುತ್ತಿತ್ತು. ಔಷಧ ಕಂಪನಿಯ ಮಿನೆಗಿಶಿ ಬಂದು ಅವನ ಪ್ರಯೋಗ ನೋಡಿ ಮೆಚ್ಚಿದರೆ ಅಲ್ಲಿ ಕೆಲಸ. ಎರಡು ಅಣುಗಳಿಗೆ ಗಂಟು ಹಾಕಲು ಲೋಕವೆಲ್ಲ ದುಬಾರಿ ಪಲ್ಲೇಡಿಯಂ ಲೋಹವನ್ನು ದಲ್ಲಾಳಿಯಾಗಿ ಕರೆಯುತ್ತಿದ್ದರೆ, ಓಗುಶಿ ಬಡ ಕಬ್ಬಿಣದಿಂದಲೇ ಮದುವೆ ಮಾಡಿಸುತ್ತಿದ್ದ.

ಯಾವುದಕ್ಕೂ ಇರಲಿ ಎಂದು ಬೆಳಗ್ಗೆಯೇ ತೊಳೆದ ಕಡ್ಡಿ ಹಾಕಿ ಒಮ್ಮೆ ಮಾಡಿ ನೋಡಿದ. ಜೋಡಿ ಕೂಡಲಿಲ್ಲ. ಮತ್ತೆ ಮಾಡಿದ. ಊಹೂಂ.

“ಬಿಸಿ ಸಾಲ್ದು ಕಣ್ರೀ,” ಎಂದ ಸಹೋದ್ಯೋಗಿಯೊಬ್ಬ. “ಬಿಸಿಯೇ ಜಾಸ್ತಿ,” ಎಂದ ಇನ್ನೊಬ್ಬ. ಹತಾನೊ ಅವರಂತೂ ಫ್ಲಾಸ್ಕನ್ನು ಇನ್ನೊಂದು ಸಲ ತಿಕ್ಕಿಕೊಟ್ಟರು. ಓಗುಶಿಗೆ ಅಳುವೊಂದು ಬಾಕಿ.

ಅಷ್ಟರಲ್ಲಿ, ಸಂಜೆಯ ವರ್ಷಾಂತ್ಯದ ಊಟಕ್ಕೆಂದು ನಿವೃತ್ತ ತಚಿಬಾನಾ ಮೇಷ್ಟ್ರು ಕಿತ್ತಳೆ ಚೀಲ ಹಿಡಿದು ಮೊದಲೇ ಬಂದುಬಿಟ್ಟರು.

“ಈ ಒಲೆಯಲ್ಲೇ ಅಲ್ವೇನಯ್ಯಾ ಓಗುಶಿ, ನಾವು ಗೆಣಸು ಸುಡ್ತಿದ್ದಿದ್ದು?”

“ಹೌದು ಮೇಷ್ಟ್ರೇ. ಒಂದ್ಸಲ ಅಗ್ನಿಶಾಮಕದವರೂ ಬಂದು ತಿಂದು ಹೋಗಿದ್ರು.”

ಓಗುಶಿಗೆ ಆ ದಿನಗಳೆಲ್ಲ ನೆನಪಾದವು. ಮೇಷ್ಟ್ರ ಸಿಗರೇಟಿನ ಹೊಗೆ, ರೇಡಿಯೋದಲ್ಲಿ ಬೇಸ್‌ಬಾಲ್, ಪ್ರಯೋಗ ಕೆಟ್ಟರೆ ನಕ್ಕು ನೂಡಲ್ಸ್ ತಿನ್ನಲು ಹೊರಡುತ್ತಿದ್ದ ಗುಂಪು. ಎಷ್ಟು ಚೆನ್ನಾಗಿತ್ತು ಆ ಕಾಲ! ಕೆಟ್ಟಿದ್ದಕ್ಕೆ ಯಾರೂ ನೌಕರಿ ಕಳೆದುಕೊಳ್ಳುತ್ತಿರಲಿಲ್ಲ.

ಶಿಷ್ಯನ ಮುಖ ನೋಡಿ ಮೇಷ್ಟ್ರು ಚಿಲ್ಲರೆ ಪರ್ಸಿನಿಂದ ಕಪ್ಪಿಟ್ಟ ಕಡ್ಡಿಯೊಂದನ್ನು ತೆಗೆದರು. “ಹೋಗೋವಾಗ ನೆನಪಿಗೆ ಅಂತ ಒಯ್ದಿದ್ದೆ. ಹಾಕು, ಒಳ್ಳೇದಾಗತ್ತೆ.”

ಮಿನೆಗಿಶಿಯೂ ಬಂದರು. ಓಗುಶಿ ಗಡಿಬಿಡಿಯಲ್ಲಿ ಫ್ಲಾಸ್ಕಿಗೆ ದ್ರಾವಣಗಳನ್ನು ಸುರಿದು ಮೇಷ್ಟ್ರ ಕಡ್ಡಿ ಬಿಟ್ಟ. ಕಾದರು. ಕೊನೆಗೆ ಒಂದು ತೊಟ್ಟು ತೆಗೆದು ಪರೀಕ್ಷೆಯ ಹಾಳೆಗೆ ಹಚ್ಚಿ ನೇರಳೆ ದೀಪದಡಿ ಹಿಡಿದರೆ, ಹೊಸ ವಸ್ತುವಿನ ಚುಕ್ಕೆ ಫಳ್ಳನೆ ಹೊಳೆಯಿತು. ಜೋಡಿ ಕೂಡಿತ್ತು! ಎಲ್ಲರೂ ಚಪ್ಪಾಳೆ ತಟ್ಟಿದರು.

ಹತಾನೊ ಅವರು ಕಣ್ಣೊರೆಸಿಕೊಂಡು, ಆಗಲೇ ಮೇಜೂ ಒರೆಸತೊಡಗಿದರು. “ಓಗುಶಿಯವರೇ, ಈ ಕಾಗದದ ಮೇಲಿರೋ ಪುಡಿ ಬಿಸಾಕ್ಲಾ?”

ಅದು ಕಬ್ಬಿಣ. ತೂಗಿಟ್ಟಿದ್ದು ತೂಗಿಟ್ಟ ಹಾಗೇ ಇತ್ತು.

ಓಗುಶಿ ಸುಮ್ಮನಿರಬಹುದಿತ್ತು. ಆದರೆ ಮೇಷ್ಟ್ರು ಎದುರಿಗಿದ್ದರು. “ಕ್ಷಮಿಸಿ. ಕಬ್ಬಿಣ ಹಾಕೋದೇ ಮರೆತಿದ್ದೀನಿ,” ಎಂದ.

ಮೇಷ್ಟ್ರು ತಲೆ ಕೆರೆದುಕೊಂಡರು. “ಹಾಗಾದ್ರೆ ಕಡ್ಡಿಗೆ ಅಂಟಿರೋ ಪಲ್ಲೇಡಿಯಂ ಕಣಯ್ಯಾ ಇದು ಮಾಡಿದ್ದು. ನಮ್ಮ ಕಾಲದಲ್ಲಿ ಎಲ್ಲಾ ಕಡ್ಡೀನೂ ಅದರಲ್ಲೇ ಮುಳುಗಿರ್ತಿತ್ತು.”

ಅಂದರೆ ಇಷ್ಟು ವರ್ಷ ಓಗುಶಿಯ ಕಬ್ಬಿಣ ಮದುವೆ ಊಟ ಉಂಡದ್ದಷ್ಟೇ; ಗಂಟು ಹಾಕಿದ್ದು ಹಳೆಯ ಕೊಳೆ.

ಮಿನೆಗಿಶಿ ಮಾತ್ರ ಕಡ್ಡಿಯನ್ನು ಚಿಮುಟದಲ್ಲಿ ಎತ್ತಿ ಕಣ್ಣರಳಿಸಿದರು. “ಆಗಿನ ಪಲ್ಲೇಡಿಯಂ ಇನ್ನೂ ದುಡೀತಿದ್ಯಾ? ನಮ್ಮಲ್ಲಿ ಒಂದೇ ಸಲಕ್ಕೆ ತೊಳೆದುಹೋಗತ್ತೆ! ಹೇಗೆ ಅಂಟಿಸಿದ್ರಿ ಮೇಷ್ಟ್ರೇ?”

“ಅಂಟಿಸೋದೇನ್ ಬಂತು? ಸರಿಯಾಗಿ ತೊಳೀತಿರ್ಲಿಲ್ಲ, ಅಷ್ಟೆ.”

“ಆ ವಿದ್ಯೆಯೇ ನಮಗೆ ಬೇಕಾಗಿದ್ದು!” ಮಿನೆಗಿಶಿ ಎರಡೂ ಕೈಯಿಂದ ಮೇಷ್ಟ್ರತ್ತ ವಿಸಿಟಿಂಗ್ ಕಾರ್ಡ್ ಚಾಚಿ ಸೊಂಟ ಬಗ್ಗಿಸಿದರು. “ಏಪ್ರಿಲ್‌ನಿಂದ ನಮ್ಮ ಕಂಪನಿಗೆ ಬಂದುಬಿಡಿ.”

ಮೇಷ್ಟ್ರಿಗೆ ಸಂಕೋಚವಾಯಿತು. “ಈ ವಯಸ್ಸಲ್ಲಿ ನನಗ್ಯಾಕಪ್ಪಾ? ಆಗ್ಲಿ, ಬರ್ತೀನಿ. ಆದ್ರೆ ನಮ್ಮ ಓಗುಶೀನೂ ಜೊತೆಗಿರ್ಲಿ. ನನ್ನ ಕೈಯಲ್ಲೇ ಬೆಳೆದ ಹುಡುಗ.”

ಓಗುಶಿಯ ಮುಖ ಅರಳಿತು. ಮಿನೆಗಿಶಿ ಫಳಫಳ ಹೊಳೆಯುತ್ತಿದ್ದ ಮೇಜು, ಕಪಾಟು, ಗಾಜುಗಳನ್ನೆಲ್ಲ ಒಮ್ಮೆ ದಿಟ್ಟಿಸಿ, ಬಹಳ ವಿನಯದಿಂದ ತಲೆಯಾಡಿಸಿದರು.

“ಮನ್ನಿಸಬೇಕು ಮೇಷ್ಟ್ರೇ. ಇವ್ರು ತುಂಬಾ ಚೊಕ್ಕಟ.”